ಗರ್ಭಪಾತ ಲೀಗಲ್ ಆಗಿದ್ದರಿಂದಲೇ ಹೆಂಗಸರ ಆರೋಗ್ಯ ಕೆಟ್ಟಿತು ಅನ್ನುತ್ತಾರೆ, ನಿಜವಾ?

ಶೈಲಾ, ಕಾಮಾಕ್ಷಿಪಾಳ್ಯ

ನನ್ನದು ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ಜೊತೆಗೆ ಕೆಲಸ ಮಾಡುವ ಒಬ್ಬಳ ವಿಷಯ ಕೇಳಬೇಕಿತ್ತು. ಅವಳಿಗೆ ಎರಡು ಮಕ್ಕಳು. ಚಿಕ್ಕದಕ್ಕೆ ಇನ್ನೂ ಹಾಲು ಬಿಡಿಸಿಲ್ಲ. ಅಷ್ಟರಲ್ಲಿ ಮತ್ತೆ ಮುಟ್ಟು ನಿಂತಿದೆ. ಮೆಡಿಕಲ್‌ನಿಂದ ಕಿಟ್ ತಂದು ನೋಡಿಕೊಂಡಳು, ಎರಡು ಗೆರೆ ಬಂತು. ಅವಳಿಗೆ ಈಗ ಮಗು ಬೇಡ. ಗಂಡ ಲಾರಿ ಡ್ರೈವರ್. ಲೋಡು ಹಾಕಿಕೊಂಡು ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ.

ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದಳಂತೆ. "ಗಂಡ ಎಲ್ಲಿ? ಅವರ ಸೈನ್ ಬೇಕು, ಅವರ ಆಧಾರ್ ಬೇಕು" ಎಂದು ರಿಸೆಪ್ಷನ್‌ನಲ್ಲೇ ಕೇಳಿದರಂತೆ. ಡಾಕ್ಟರ್ ಮುಖ ನೋಡದೇ ವಾಪಸ್ ಬಂದಳು.

ಇದನ್ನು ನಾವು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದಾಗ, ಸೀರೆಗೆ ಫಾಲ್ ಹಾಕಿಸಲು ಬಂದಿದ್ದ ಮೇಡಂ ಒಬ್ಬರ ಕಿವಿಗೆ ಬಿತ್ತು. "ಇದನ್ನೆಲ್ಲ ಲೀಗಲ್ ಮಾಡಿದ್ದೇ ತಪ್ಪು. ಅಮೆರಿಕದಲ್ಲೇ ಬ್ಯಾನ್ ಮಾಡಿಬಿಟ್ಟರು. ತೆಗೆಸಿಕೊಂಡವರಿಗೆ ಆಮೇಲೆ ಮಕ್ಕಳಾಗಲ್ಲ, ಬ್ರೆಸ್ಟ್ ಕ್ಯಾನ್ಸರ್ ಬರುತ್ತೆ, ಡಿಪ್ರೆಷನ್ ಬರುತ್ತೆ" ಎಂದರು. ಅವರು ಓದಿಕೊಂಡವರು. ನನಗೆ ಎದುರು ಹೇಳಲು ಏನೂ ಗೊತ್ತಿರಲಿಲ್ಲ. ಓವರ್‌ಲಾಕ್ ಮಾಡುವ ಹುಡುಗಿ ಮಾತ್ರ "ಸುಮ್ನೆ ಮೆಡಿಕಲ್‌ನಲ್ಲಿ ಮಾತ್ರೆ ತರಿಸಿ ಅಕ್ಕ, ನಮ್ಮ ಅತ್ತಿಗೆ ತಗೊಂಡಿದ್ರು, ಏನೂ ಆಗ್ಲಿಲ್ಲ" ಎಂದಳು.

ನನ್ನ ಪ್ರಶ್ನೆ ಇಷ್ಟು. ನಮ್ಮಲ್ಲಿ ಇದು ಲೀಗಲ್ ಹೌದಾ ಅಲ್ಲವಾ? ಗಂಡನ ಸಹಿ ನಿಜವಾಗಿ ಬೇಕಾ? ಆ ಮೇಡಂ ಹೇಳಿದ ಕಾಯಿಲೆಗಳೆಲ್ಲ ನಿಜವಾ? ಗೊತ್ತಿರುವವರು ಹೇಳಿ. ದಯವಿಟ್ಟು ಬುದ್ಧಿ ಹೇಳಲು ಮಾತ್ರ ಬರಬೇಡಿ, ಅದು ಅವಳಿಗೆ ಆಗಲೇ ಬೇಕಾದಷ್ಟು ಸಿಕ್ಕಿದೆ.

ಸರೋಜ ಸಿಸ್ಟರ್, ಶ್ರೀನಗರ

ಶೈಲಾ, ಮೊದಲು ಒಂದು ಮಾತು. ಯಾರ ಕೈಯಲ್ಲೋ ಮಾತ್ರೆ ತರಿಸುವ ಯೋಚನೆ ಇದ್ದರೆ ಇವತ್ತೇ ಬಿಡಿಸಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಗಂಡನ ಸಹಿ ಬೇಕಿಲ್ಲ. ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಅದಕ್ಕೆ ಫಾರಂ ಸಿ ಅಂತ ಒಂದು ಕಾಗದ ಇದೆ. ಅದರಲ್ಲಿ ಗಂಡ ಸಹಿ ಹಾಕುವ ಜಾಗವೇ ಇಲ್ಲ. ಆಸ್ಪತ್ರೆಯವರು ನಾಳೆ ಗಲಾಟೆಯಾದೀತು ಎಂಬ ಹೆದರಿಕೆಗೆ ಕೇಳುತ್ತಾರೆ. ನನ್ನ ಕಾಲದಲ್ಲೂ ಕೇಳುತ್ತಿದ್ದರು.

ನಾನು ಈ ಊರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವಾರ್ಡು, ಲೇಬರ್ ರೂಮು, ಥಿಯೇಟರು ಅಂತ ಕೆಲಸ ಮಾಡಿ ನಿವೃತ್ತಳಾದವಳು. ಎಪ್ಪತ್ತರ ದಶಕದ ಕೊನೆಗೆ ಸೇರಿದೆ. ಆ ಹೊತ್ತಿಗೆ ಕಾನೂನು ಬಂದಾಗಿತ್ತು. ಎಂಟಿಪಿ ಕಾಯ್ದೆ, ಅಂದರೆ ಗರ್ಭಪಾತದ ಕಾನೂನು, 1971ರಲ್ಲಿ ಪಾಸಾಯಿತು, 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದಕ್ಕೆ ಮೊದಲು 1860ರ ದಂಡಸಂಹಿತೆ ಒಂದೇ. ಪ್ರಾಣ ಉಳಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ತೆಗೆದರೆ ತೆಗೆದವರಿಗೂ ಜೈಲು, ತೆಗೆಸಿಕೊಂಡವಳಿಗೂ ಜೈಲು. ಹೆದರಿ ಹೆಂಗಸರು ನಿಲ್ಲಿಸಿದರಾ? ಇಲ್ಲ. ಕದ್ದು ತೆಗೆಸಿಕೊಂಡು ಸಾಯುತ್ತಿದ್ದರು. ಅದಕ್ಕೇ ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಮಾಡಿತು. ಆ ಸಮಿತಿಯ ವರದಿಯಿಂದ ಹುಟ್ಟಿದ್ದು ಈ ಕಾಯ್ದೆ. ಜನಸಂಖ್ಯೆ ಕಡಿಮೆ ಮಾಡುವ ಆಸೆಯೂ ಸರ್ಕಾರಕ್ಕೆ ಒಳಗೊಳಗೆ ಇತ್ತು ಅಂತಿಟ್ಟುಕೊಳ್ಳಿ. ಅದು ಬೇರೆ ಕಥೆ.

ಈಗ ನಾನು ಕಣ್ಣಾರೆ ಕಂಡಿದ್ದು. ನಾನು ಕೆಲಸಕ್ಕೆ ಸೇರಿದಾಗ ಕಾನೂನು ಜಾರಿಯಲ್ಲಿತ್ತು, ಆದರೂ ಸೆಪ್ಟಿಕ್ ಕೇಸುಗಳು, ಅಂದರೆ ಕದ್ದು ತೆಗೆಸಿಕೊಂಡು ನಂಜೇರಿದವರು, ಬರುತ್ತಲೇ ಇದ್ದವು. ಮಾಗಡಿ ಕಡೆಯಿಂದ, ಕನಕಪುರ ಕಡೆಯಿಂದ, ಇಲ್ಲೇ ಊರೊಳಗಿನ ವಠಾರಗಳಿಂದ. ಎಕ್ಕದ ಕಡ್ಡಿ ಒಳಗೆ ಇಟ್ಟುಕೊಂಡಿರುತ್ತಿದ್ದರು. ಯಾರೋ ಸೂಲಗಿತ್ತಿ ಏನೋ ಬೇರು ಅರೆದು ಹಾಕಿರುತ್ತಿದ್ದಳು. ಚಳಿಜ್ವರ, ಕಲ್ಲಿನಂಥ ಹೊಟ್ಟೆ, ವಾರ್ಡಿನ ಬಾಗಿಲಿಗೇ ಹೊಡೆಯುವ ವಾಸನೆ. ಕೆಲವರಿಗೆ ಗರ್ಭಕೋಶ ತೂತಾಗಿ ಕರುಳಿಗೆ ಪೆಟ್ಟು ಬಿದ್ದಿರುತ್ತಿತ್ತು. ಕೆಲವರಿಗೆ ಮೂತ್ರವೇ ನಿಂತಿರುತ್ತಿತ್ತು, ಅಂದರೆ ಕಿಡ್ನಿ ಹೋಯಿತು ಅಂತ ಅರ್ಥ. ಪ್ರಾಣ ಉಳಿಸಬೇಕು ಅಂತ ಇನ್ನೂ ಒಂದು ಮಗುವೂ ಆಗದ ಹುಡುಗಿಯ ಗರ್ಭಕೋಶ ತೆಗೆದಿದ್ದಕ್ಕೆ ನಾನೇ ಟ್ರೇ ಹಿಡಿದು ನಿಂತಿದ್ದೆ. ಜೊತೆಗೆ ಬಂದವರು ಕೇಸ್ ಶೀಟಿನಲ್ಲಿ ಬರೆಸುವುದು ಮಾತ್ರ "ಬಿದ್ದುಬಿಟ್ಟಳು" ಅಂತ.

ಕಾನೂನು ಇದ್ದರೂ ಯಾಕೆ ಹೀಗಾಯಿತು? ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ. ಅನುಮತಿ ಇದ್ದ ಜಾಗಗಳೂ ಕಡಿಮೆ. ಗೊತ್ತಿದ್ದವಳು ಬಂದರೂ ನಮ್ಮವರೇ ಕಾರಿಡಾರಿನಲ್ಲಿ ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ "ಮದುವೆ ಆಗಿದೆಯೇನೇ?" ಅನ್ನುತ್ತಿದ್ದರು. ಅವಳು ತಿರುಗಿ ಸೂಲಗಿತ್ತಿ ಹತ್ತಿರವೇ ಹೋಗುತ್ತಿದ್ದಳು. ಖಾಸಗಿ ಆಸ್ಪತ್ರೆಗಳಿಗೆ ಅನುಮತಿ ಕೊಡುವ ಅಧಿಕಾರ ಜಿಲ್ಲಾ ಮಟ್ಟಕ್ಕೆ ಇಳಿದದ್ದು 2002ರ ತಿದ್ದುಪಡಿಯಲ್ಲಿ. ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ಕೆರೆಯುವ ಡಿ ಅಂಡ್ ಸಿ ಬದಲು ಹೀರಿ ತೆಗೆಯುವ ಸಕ್ಷನ್ ಬಂತು. ಅಷ್ಟಾದ ಮೇಲೆ ನಮ್ಮ ವಾರ್ಡಿಗೆ ಎಕ್ಕದ ಕಡ್ಡಿಯ ಕೇಸು ಬರುವುದು ಅಪರೂಪವಾಯಿತು. ಕಾನೂನು ಬಂದ ವರ್ಷವೇ ಬೇರೆ, ಆ ಮಂಚಗಳು ಖಾಲಿಯಾದ ವರ್ಷವೇ ಬೇರೆ. ನಡುವೆ ಸತ್ತವರೆಲ್ಲ, ಅಕ್ಕಪಕ್ಕದಲ್ಲೇ ಆಸ್ಪತ್ರೆ ಇದ್ದರೂ ಸತ್ತವರು.

ನಿಮ್ಮ ಮೇಡಂ ರೊಮೇನಿಯಾ ಕಥೆ ಕೇಳಬೇಕು. ಅಲ್ಲಿ 1966ರಲ್ಲಿ ಸರ್ಕಾರ ಗರ್ಭಪಾತ ನಿಷೇಧ ಮಾಡಿತು. ಜನಸಂಖ್ಯೆ ಹೆಚ್ಚಿಸಬೇಕಿತ್ತಂತೆ. ಒಂದೆರಡು ವರ್ಷ ಹುಟ್ಟುವ ಮಕ್ಕಳು ಜಾಸ್ತಿಯಾದವು. ಆಮೇಲೆ ಹೆಂಗಸರು ಕಳ್ಳದಾರಿ ಹುಡುಕಿಕೊಂಡರು. ಬಾಣಂತಿ, ಗರ್ಭಿಣಿಯರ ಸಾವು ಯುರೋಪಿನಲ್ಲೇ ಅತಿ ಜಾಸ್ತಿ ಆಯಿತು. ಅದರಲ್ಲಿ ಬಹುಪಾಲು ಗರ್ಭಪಾತದಿಂದಲೇ. 1989ರ ಡಿಸೆಂಬರಿನಲ್ಲಿ ಆ ಸರ್ಕಾರ ಬಿತ್ತು, ನಿಷೇಧ ಎತ್ತಿದರು. ಒಂದೇ ವರ್ಷದಲ್ಲಿ ಸಾವು ಅರ್ಧಕ್ಕೆ ಇಳಿಯಿತು. ದಕ್ಷಿಣ ಆಫ್ರಿಕಾದಲ್ಲೂ 1996ರ ಕಾನೂನಿನ ನಂತರ ಗರ್ಭಪಾತದ ಸಾವುಗಳು ಶೇಕಡ 90ರಷ್ಟು ಕಡಿಮೆಯಾದವು.

ಈಗ ಮಾತ್ರೆ ವಿಷಯ. ಮಾತ್ರೆ ಕೆಟ್ಟದ್ದಲ್ಲ. ಮೊದಲ ಒಂಬತ್ತು ವಾರದೊಳಗೆ ಡಾಕ್ಟರ್ ಹೇಳಿದ ಹಾಗೆ ತೆಗೆದುಕೊಂಡರೆ ನೂರರಲ್ಲಿ 95ಕ್ಕೂ ಹೆಚ್ಚು ಜನಕ್ಕೆ ಅಷ್ಟರಲ್ಲೇ ಮುಗಿಯುತ್ತದೆ. ತೊಂದರೆ ಇರುವುದು ನೋಡಿಸದೇ ತೆಗೆದುಕೊಳ್ಳುವುದರಲ್ಲಿ. ಬಸಿರು ಗರ್ಭಕೋಶದ ಬದಲು ಟ್ಯೂಬಿನಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಟ್ಯೂಬ್ ಒಡೆದರೆ ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ಹೊಟ್ಟೆ ನೋವು, ರಕ್ತ ಎರಡೂ ಬರುವುದರಿಂದ ಮಾತ್ರೆಯ ಪ್ರಭಾವ ಅಂದುಕೊಂಡು ಮನೆಯಲ್ಲೇ ಮಲಗಿರುತ್ತಾರೆ. ಇನ್ನೊಂದು, ನಮ್ಮ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಹಿಮೋಗ್ಲೋಬಿನ್ ಏಳೋ ಎಂಟೋ ಇರುವವಳಿಗೆ ಜಾಸ್ತಿ ರಕ್ತ ಹೋದರೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಓವರ್‌ಲಾಕ್ ಹುಡುಗಿಯ ಅತ್ತಿಗೆಗೆ ಏನೂ ಆಗಲಿಲ್ಲ, ಸಂತೋಷ. ಇವಳಿಗೆ ಒಂದು ಸ್ಕ್ಯಾನ್, ಒಂದು ರಕ್ತ ಪರೀಕ್ಷೆ ಮಾಡಿಸಲೇಬೇಕು.

ಕುಮಾರ್, ಊರು ಮಂಡ್ಯ, ಈಗ ಕೆಂಗೇರಿ

ಸಿಸ್ಟರ್, ನಿಮ್ಮ ಅನುಭವದ ಮೇಲೆ ಗೌರವ ಇದೆ. ಆದರೂ ಒಪ್ಪಲಾಗುತ್ತಿಲ್ಲ. ಎಲ್ಲರೂ ತಾಯಿಯ ಆರೋಗ್ಯ, ತಾಯಿಯ ಹಕ್ಕು ಅನ್ನುತ್ತೀರಿ. ಒಳಗಿರುವ ಜೀವದ ಪರ ಮಾತಾಡುವವರು ಯಾರು? ನಮ್ಮ ಮೊದಲ ಮಗು ಆರನೇ ತಿಂಗಳಲ್ಲಿ ಹೋಯಿತು. ಅದಕ್ಕೆ ಮೊದಲಿನ ಸ್ಕ್ಯಾನಿನಲ್ಲಿ ಎದೆಬಡಿತ ಕೇಳಿದ್ದೆ. ಅದನ್ನು ಕೇಳಿದವನಿಗೆ "ತೆಗೆಸುವುದು" ಅನ್ನುವ ಮಾತೇ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಜಿಲ್ಲೆಯ ಹೆಸರು ಯಾಕೆ ಹಾಳಾಯಿತು ಅಂತ ಎಲ್ಲರಿಗೂ ಗೊತ್ತು. 2023ರಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ. ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟು ಹೆಣ್ಣೋ ಗಂಡೋ ನೋಡುತ್ತಿದ್ದರು. ಬೆಲ್ಲ ಮಾಡುವ ಜಾಗ! ಹೆಣ್ಣು ಅಂದರೆ ಮೈಸೂರಿಗೆ ಕರೆದುಕೊಂಡು ಹೋಗಿ ತೆಗೆಸುತ್ತಿದ್ದರು. ಮೂರು ವರ್ಷದಲ್ಲಿ ಸುಮಾರು 900 ಅಂತ ಪೊಲೀಸರೇ ಹೇಳಿದ್ದು ಪೇಪರಿನಲ್ಲಿ ಬಂತು. ಲೀಗಲ್ ಅನ್ನುವ ಬಾಗಿಲು ತೆಗೆದಿದ್ದಕ್ಕೇ ಅಲ್ವಾ ಇವರೆಲ್ಲ ನುಗ್ಗಿದ್ದು? ಶೈಲಾ ಅವರೇ, ನಿಮ್ಮ ಕೆಲಸದವರ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಅವರ ಕಷ್ಟ ಅವರಿಗೆ. ಕಾನೂನಿನ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ವಕೀಲೆ, ಜಯನಗರ

ಕಾನೂನಿನ ಪ್ರಶ್ನೆಗೆ ಚುಟುಕಾಗಿ ಹೇಳುತ್ತೇನೆ, ಕೋರ್ಟಿಗೆ ಹೊರಟಿದ್ದೇನೆ.

ನಮ್ಮಲ್ಲಿ ಗರ್ಭಪಾತ ಲೀಗಲ್, ಆದರೆ ಷರತ್ತಿನ ಮೇಲೆ. "ನನಗೆ ಬೇಡ" ಎಂದರೆ ಸಾಲದು. ಮುಂದುವರಿಸಿದರೆ ಹೆಂಗಸಿನ ಪ್ರಾಣಕ್ಕೋ, ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕೋ ಅಪಾಯ ಇದೆ, ಇಲ್ಲವೇ ಮಗುವಿಗೆ ಗಂಭೀರ ತೊಂದರೆ ಇದೆ ಎಂದು ಡಾಕ್ಟರ್ ಅಭಿಪ್ರಾಯ ಕೊಡಬೇಕು. ಗರ್ಭನಿರೋಧಕ ಕೆಲಸ ಮಾಡದೆ ಬಸಿರಾದರೆ ಅದರಿಂದಾಗುವ ಸಂಕಟವನ್ನೇ ಮನಸ್ಸಿನ ಆರೋಗ್ಯಕ್ಕೆ ದೊಡ್ಡ ಪೆಟ್ಟು ಎಂದು ಕಾಯ್ದೆ ಪರಿಗಣಿಸುತ್ತದೆ. 20 ವಾರದವರೆಗೆ ಒಬ್ಬ ಡಾಕ್ಟರ್ ಸಾಕು. 20ರಿಂದ 24 ವಾರ ಅಂದರೆ ಇಬ್ಬರು ಬೇಕು, ಅದೂ ಕೆಲವು ಗುಂಪಿನವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸುರಿಯಾಗಿದ್ದಾಗಲೇ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಹೀಗೆ. ಅದರ ನಂತರ ಮಗುವಿಗೆ ಗಂಭೀರ ತೊಂದರೆ ಇದ್ದರೆ ಮಾತ್ರ, ಅದೂ ಮೆಡಿಕಲ್ ಬೋರ್ಡ್ ಒಪ್ಪಿದರೆ. ಪ್ರಾಣಕ್ಕೆ ತಕ್ಷಣದ ಅಪಾಯ ಇದ್ದಾಗ ವಾರದ ಲೆಕ್ಕ ಇಲ್ಲ. ಇದೆಲ್ಲ 2021ರ ತಿದ್ದುಪಡಿಯ ನಂತರದ ಸ್ಥಿತಿ. ಅದೇ ತಿದ್ದುಪಡಿ "ಮದುವೆಯಾದ ಹೆಂಗಸು, ಅವಳ ಗಂಡ" ಎಂದಿದ್ದ ಕಡೆ "ಹೆಂಗಸು, ಅವಳ ಸಂಗಾತಿ" ಎಂದು ಬದಲಾಯಿಸಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮದುವೆಯಾಗದವಳಿಗೂ 24 ವಾರದ ಅವಕಾಶ ಉಂಟು ಎಂದಿತು. ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು.

ಹೆಸರು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಬಹಿರಂಗ ಮಾಡಿದರೆ ಶಿಕ್ಷೆ ಇದೆ.

ಅಮೆರಿಕ ಇಡೀ ದೇಶಕ್ಕೆ ಬ್ಯಾನ್ ಮಾಡಿಲ್ಲ. ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೆಗೆದುಹಾಕಿತು, ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ಕೆಲವು ರಾಜ್ಯಗಳು ನಿಷೇಧಿಸಿವೆ, ಕೆಲವು ಇನ್ನಷ್ಟು ಸಡಿಲ ಮಾಡಿವೆ.

ಕುಮಾರ್ ಅವರೇ, ನೀವು ಹೇಳಿದ ಆಲೆಮನೆ ಕೇಸಿಗೂ ಎಂಟಿಪಿ ಕಾಯ್ದೆಗೂ ಗಂಟು ಹಾಕಬೇಡಿ. ಹೆಣ್ಣೋ ಗಂಡೋ ನೋಡುವುದು 1994ರ ಪ್ರತ್ಯೇಕ ಕಾಯ್ದೆಯ ಕೆಳಗೆ ಅಪರಾಧ. ಆ ಜಾಲ ನಡೆದದ್ದು ಎರಡೂ ಕಾನೂನು ಮುರಿದು.

ಮೆಡಿಕಲ್ ಶಾಪ್, ಪೀಣ್ಯ

ನನ್ನ ಕೌಂಟರ್ ಕಡೆಯಿಂದ ಒಂದಿಷ್ಟು. ಈ ಗರ್ಭಪಾತದ ಮಾತ್ರೆಯ ಕಿಟ್ ಕೇಳಿಕೊಂಡು ಬರುವವರಲ್ಲಿ ಗಂಡಸರೇ ಜಾಸ್ತಿ. ಅಂಗಡಿ ಖಾಲಿಯಾಗುವವರೆಗೂ ಹೊರಗೆ ಬೈಕ್ ಮೇಲೆ ಕೂತಿರುತ್ತಾರೆ. ಆಮೇಲೆ ಬಂದು, ಮೊಬೈಲಿನಲ್ಲಿ ಫೋಟೋ ತೋರಿಸಿ "ಇದು ಇದೆಯಾ ಬಾಸ್?" ಅನ್ನುತ್ತಾರೆ. ಎಷ್ಟು ವಾರ ಎಂದರೆ ಗೊತ್ತಿಲ್ಲ. ಯಾರಿಗೆ ಎಂದರೆ "ಫ್ರೆಂಡ್‌ಗೆ". ಪ್ರಿಸ್ಕ್ರಿಪ್ಷನ್ ಕೇಳಿದ ತಕ್ಷಣ ಬೈಕ್ ಸ್ಟಾರ್ಟ್.

ಚೀಟಿ ಇಲ್ಲದೆ ಕೊಡುವುದು ಕಾನೂನಿಗೆ ವಿರುದ್ಧ. ನಾನು ಕೊಡುವುದಿಲ್ಲ. ಕೊಡುವ ಅಂಗಡಿಗಳೂ ಇವೆ, ಎಂಆರ್‌ಪಿಗಿಂತ ಎಷ್ಟೋ ಜಾಸ್ತಿಗೆ. ಇನ್ನು ಕೆಲವರು ಲೆಕ್ಕಪತ್ರದ ರಗಳೆಗೆ ಹೆದರಿ ಸ್ಟಾಕ್ ಇಡುವುದನ್ನೇ ಬಿಟ್ಟಿದ್ದಾರೆ. ಆಗ ಡಾಕ್ಟರ್ ಚೀಟಿ ಹಿಡಿದು ಮರ್ಯಾದೆಯಿಂದ ಬಂದ ಹೆಂಗಸಿಗೂ ಸಿಗುವುದಿಲ್ಲ. ಚೀಟಿ ಇಲ್ಲದವನಿಗೆ ಸಿಗುತ್ತದೆ, ಇದ್ದವಳಿಗೆ ಇಲ್ಲ. ಹೀಗಿದೆ ನೋಡಿ ವ್ಯಾಪಾರ.

ಇನ್ನೊಂದು ಎಡವಟ್ಟು. ಐ-ಪಿಲ್ ಬೇರೆ, ಇದು ಬೇರೆ. ಅದು ಗಂಡು-ಹೆಣ್ಣು ಸೇರಿದ 72 ಗಂಟೆಯೊಳಗೆ ತೆಗೆದುಕೊಂಡು ಬಸಿರಾಗದಂತೆ ತಡೆಯುವುದಕ್ಕೆ. ನಿಂತ ಬಸಿರನ್ನು ಅದು ತೆಗೆಯುವುದಿಲ್ಲ. ಎರಡು ತಿಂಗಳಾದ ಮೇಲೆ ಐ-ಪಿಲ್ ಮೇಲೆ ಐ-ಪಿಲ್ ನುಂಗಿ ಬಂದವರನ್ನು ಕಂಡಿದ್ದೇನೆ. ಅಷ್ಟೂ ದಿನ ಸುಮ್ನೆ ಹಾಳು.

ಗೌರಿ, ಊರು ಬೆಳಗಾವಿ, ಈಗ ವೈಟ್‌ಫೀಲ್ಡ್

ಕುಮಾರ್ ಅಣ್ಣ, ಎದೆಬಡಿತದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಮಗುವಿನ ವಿಷಯ ಓದಿ ಬೇಜಾರಾಯಿತು, ಅದನ್ನು ಮೊದಲು ಹೇಳುತ್ತೇನೆ.

ಸವಿತಾ ಹಾಲಪ್ಪನವರ್ ನಮ್ಮ ಬೆಳಗಾವಿಯ ಮಗಳು. ಹಲ್ಲಿನ ಡಾಕ್ಟರ್. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿ ಇದ್ದಳು. 2012ರ ಅಕ್ಟೋಬರ್, 17 ವಾರದ ಬಸುರಿ. ಬೆನ್ನುನೋವು ಅಂತ ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲ ಅಂತ ಅವರಿಗೂ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಇವಳೇ ಕೇಳಿದಳು. ಮಗುವಿನ ಎದೆಬಡಿತ ಇದೆ, ಆಗುವುದಿಲ್ಲ ಎಂದರು. ಅಲ್ಲಿನ ಕಾನೂನು ಹಾಗಿತ್ತು. 1983ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದರು. ಎದೆಬಡಿತ ನಿಲ್ಲುವವರೆಗೆ ಕಾದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ಕ್ಕೆ ತೀರಿಕೊಂಡಳು. 31 ವರ್ಷ. ಬೇಕು ಅಂತ ಬಯಸಿ ಬಸುರಾದವಳು ಅವಳು. ಮಗುವನ್ನು ಉಳಿಸಿಕೊಳ್ಳುವ ಕಾನೂನು ಮಗುವನ್ನೂ ಉಳಿಸಲಿಲ್ಲ, ಅವಳನ್ನೂ ಬಿಡಲಿಲ್ಲ.

2018ರ ಮೇ 25ಕ್ಕೆ ಅಲ್ಲಿಯ ಜನ ಓಟು ಹಾಕಿ ಆ ಕಾನೂನು ಕಿತ್ತು ಹಾಕಿದರು. ನೂರಕ್ಕೆ 66ಕ್ಕೂ ಹೆಚ್ಚು ಜನ ತೆಗೆಯಿರಿ ಎಂದರು. ಡಬ್ಲಿನ್‌ನಲ್ಲಿ ಗೋಡೆಯ ಮೇಲೆ ಬರೆದಿದ್ದ ಅವಳ ಚಿತ್ರದ ಮುಂದೆ ಹೂವಿಟ್ಟು ಚೀಟಿ ಅಂಟಿಸಿದ್ದರು.

ಸರೋಜ ಸಿಸ್ಟರ್, ಶ್ರೀನಗರ

ಕುಮಾರ್ ತಮ್ಮ, ನಿಮ್ಮ ಮಾತು ನನಗೆ ತಾಗದೇ ಇಲ್ಲ. ನಾನು ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವವಳು. ಥಿಯೇಟರಿನಿಂದ ಹೊರಗೆ ಬಂದ ಎಷ್ಟೋ ದಿನ ಊಟ ಸೇರುತ್ತಿರಲಿಲ್ಲ. ಇದು ಸಣ್ಣ ವಿಷಯ ಅಂತ ಯಾರೂ ಹೇಳಬಾರದು, ನಾನಂತೂ ಹೇಳುವುದಿಲ್ಲ. ಆದರೆ ನೀವು ಕೇಳುತ್ತಿರುವುದು ಸರಿಯೋ ತಪ್ಪೋ ಅಂತ. ಶೈಲಾ ಕೇಳಿದ್ದು ಆರೋಗ್ಯ. ನಾನು ಉತ್ತರ ಕೊಡಬಲ್ಲೆ ಅಂದರೆ ಎರಡನೆಯದಕ್ಕೆ ಮಾತ್ರ. ನಿಷೇಧ ಮಾಡಿದರೆ ಎದೆಬಡಿತ ಉಳಿಯುತ್ತದೆ ಅನ್ನುವುದಾದರೆ ನಿಮ್ಮ ಜೊತೆ ನಾನೂ ಕೂತು ಯೋಚಿಸುತ್ತಿದ್ದೆ. ನಾನು ನೋಡಿದ ವಾರ್ಡಿನಲ್ಲಿ ಅದು ಉಳಿದಿರಲಿಲ್ಲ, ಪಕ್ಕದಲ್ಲಿ ತಾಯಿಯೂ ಹೋಗುತ್ತಿದ್ದಳು. ಮನೆಯಲ್ಲಿ ಎರಡು ಮಕ್ಕಳು ಅಮ್ಮ ಎಲ್ಲಿ ಅಂತ ಕೇಳುತ್ತಿದ್ದವು.

ಆಲೆಮನೆ ವಿಷಯಕ್ಕೆ ನನಗೆ ನಿಮಗಿಂತ ಜಾಸ್ತಿ ಸಿಟ್ಟಿದೆ. ಅಲ್ಲಿಗೆ ಹೋದ ಹೆಂಗಸರಲ್ಲಿ ತಾವಾಗಿಯೇ ಹೋದವರು ಎಷ್ಟು ಜನ ಅಂತ ಯಾರಾದರೂ ಕೇಳಿದರಾ? ಅತ್ತೆ ಕಾರಿನಲ್ಲಿ ಕೂರಿಸಿಕೊಂಡು ಕರೆತಂದವರನ್ನು ನಾನು ನೋಡಿದ್ದೇನೆ. ಮೂರನೇದೂ ಹೆಣ್ಣು ಅಂತ ಎಲ್ಲೋ ತಿಳಿದುಕೊಂಡು ಬಂದಿರುತ್ತಾರೆ, ನಮ್ಮ ಮುಂದೆ ಬೇರೆ ಕಾರಣ ಹೇಳುತ್ತಾರೆ. ಹುಡುಗಿ ಬಾಯೇ ಬಿಡುವುದಿಲ್ಲ. ಇದಕ್ಕೇ ನಾವು ಒಳ್ಳೆಯ ಡಾಕ್ಟರುಗಳ ಜೊತೆ ಇದ್ದಾಗ ಮನೆಯವರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳುತ್ತಿದ್ದೆವು. ಗಂಡನ ಸಹಿ ಕೇಳುವ ಆಸ್ಪತ್ರೆಯಲ್ಲಿ ಆಗುವುದು ಇದರ ಉಲ್ಟಾ. ತೆಗೆಸಬೇಕು ಅನ್ನುವ ಹೆಂಗಸು ವಾಪಸ್ ಹೋಗುತ್ತಾಳೆ. ತೆಗೆಸುವುದು ಬೇಡ ಅನ್ನುವವಳದ್ದು ಗಂಡ, ಅತ್ತೆ ಸೇರಿ ಮುಗಿಸಿಕೊಂಡು ಹೋಗುತ್ತಾರೆ, ಯಾಕೆಂದರೆ ಅವರ ಹತ್ತಿರ ಸಹಿ ಇದೆ.

ಮೇಡಂ ಹೇಳಿದ ಕಾಯಿಲೆಗಳಿಗೆ ಬರುತ್ತೇನೆ. ಸ್ತನ ಕ್ಯಾನ್ಸರ್ ಮಾತು ವಾಟ್ಸಾಪ್‌ನಲ್ಲಿ ನನಗೂ ಬಂದಿದೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 16 ದೇಶಗಳ 53 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕ್ಯಾನ್ಸರ್ ಆದ 83,000 ಹೆಂಗಸರ ಲೆಕ್ಕ. ಗರ್ಭಪಾತಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ. ಮಕ್ಕಳಾಗುವುದಿಲ್ಲ ಅನ್ನುವುದರಲ್ಲಿ ಅರ್ಧ ನಿಜ ಇದೆ. ಸರಿಯಾದ ಜಾಗದಲ್ಲಿ, ಬೇಗ ಮಾಡಿಸಿಕೊಂಡರೆ ಮುಂದಿನ ಬಸಿರಿಗೆ ಏನೂ ಅಡ್ಡಿಯಿಲ್ಲ. ಎರಡೇ ವಾರದಲ್ಲಿ ಮತ್ತೆ ನಿಲ್ಲಬಹುದು, ಅದನ್ನೇ ಯಾರೂ ಹೇಳುವುದಿಲ್ಲ! ಕೊಳಕು ಕೈಯಲ್ಲಿ ಮಾಡಿಸಿಕೊಂಡು ನಂಜಾದರೆ ಟ್ಯೂಬ್ ಮುಚ್ಚಿಹೋಗುತ್ತದೆ. ಜೋರಾಗಿ ಕೆರೆದರೆ ಒಳಗೆ ಗಾಯ ಕಟ್ಟಿಕೊಂಡು ಗರ್ಭ ನಿಲ್ಲುವುದು ಕಷ್ಟವಾಗಬಹುದು. ನಮ್ಮ ಅಜ್ಜಿಯರ ಕಾಲದ ಹೆದರಿಕೆ ಹುಟ್ಟಿದ್ದು ಇಲ್ಲಿಂದ, ಅದು ಸುಳ್ಳಲ್ಲ. ಕಳ್ಳತನದಲ್ಲಿ ಮಾಡಿಸಿದ್ದರ ಫಲ ಅದು.

ಮನಸ್ಸಿನ ವಿಷಯ. ಅಳುವವರನ್ನೂ ನೋಡಿದ್ದೇನೆ, ಮುಗಿಯಿತಾ ಅಂತ ಉಸಿರು ಬಿಟ್ಟು ಕಾಫಿ ಕೇಳಿದವರನ್ನೂ ನೋಡಿದ್ದೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಹಿಂಬಾಲಿಸಿ ಕೇಳಿದ್ದಾರೆ. ಗರ್ಭಪಾತ ಸಿಕ್ಕವರು, ಅವಧಿ ಮೀರಿತು ಅಂತ ವಾಪಸ್ ಕಳಿಸಿಕೊಂಡವರು, ಇಬ್ಬರನ್ನೂ ಹೋಲಿಸಿ ನೋಡಿದರು. ಸಿಕ್ಕವರ ಮನಸ್ಸು ಹೆಚ್ಚು ಕೆಟ್ಟಿರಲಿಲ್ಲ. ಸಿಗದವರು ಸಾಲದಲ್ಲಿ, ಹೊಡೆಯುವ ಗಂಡನ ಜೊತೆ ಸಿಕ್ಕಿಕೊಂಡವರು ಜಾಸ್ತಿ ಇದ್ದರು. ನನ್ನ ಅನುಭವದಲ್ಲಿ ಆಮೇಲೆ ವರ್ಷಗಟ್ಟಲೆ ಕೊರಗಿದವರು ಅಂದರೆ ಬಲವಂತಕ್ಕೆ ಮಾಡಿಸಿಕೊಂಡವರು, ಮತ್ತು ಬೇಕಿದ್ದ ಮಗುವನ್ನೇ ಕಾಯಿಲೆಯ ಕಾರಣಕ್ಕೆ ಕಳೆದುಕೊಂಡವರು.

ಕಾನೂನು ಗೆದ್ದಿತು ಅಂತಲೂ ನಾನು ಹೇಳುವುದಿಲ್ಲ. 2015ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆಯಿತು ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಲೆಕ್ಕ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಕಡ್ಡಿ ಹೋಗಿ ಮಾತ್ರೆ ಬಂದಿದೆ, ಅದರಿಂದ ಎಷ್ಟೋ ಜೀವ ಉಳಿದಿದೆ, ಸಂತೋಷ. ಆದರೆ ಕಾಯ್ದೆಗೆ ಐವತ್ತು ವರ್ಷ ದಾಟಿದ ಮೇಲೂ ಅವಳು ಪೀಣ್ಯದ ತಮ್ಮ ಹೇಳಿದ ಹಾಗೆ ಅಂಗಡಿ ಹೊರಗೆ ಬೈಕ್ ಮೇಲೆ ಕೂತವನನ್ನು ನಂಬಬೇಕಾಗಿದೆ. ನರ್ಸಿಂಗ್ ಹೋಮಿನ ರಿಸೆಪ್ಷನ್‌ನಲ್ಲಿ ಕೇಳಿದ ಆ ಒಂದು ಪ್ರಶ್ನೆ ಇದೆಯಲ್ಲ, "ಗಂಡ ಎಲ್ಲಿ?" ಅನ್ನುವುದು, ಅದು ಅವಳನ್ನು ಎರಡು ವಾರ ಹಿಂದಕ್ಕೆ ತಳ್ಳುತ್ತದೆ. ಏಳನೇ ವಾರದಲ್ಲಿ ಮಾತ್ರೆಯಲ್ಲಿ ಮುಗಿಯುವುದು ಹನ್ನೆರಡನೇ ವಾರಕ್ಕೆ ಹೋದರೆ ಸಕ್ಷನ್, ಇನ್ನೂ ತಡವಾದರೆ ಅಡ್ಮಿಟ್. ವಾರ ಹೋದ ಹಾಗೆ ಅಪಾಯ ಜಾಸ್ತಿ. ಆರೋಗ್ಯ ಕೆಡಿಸುವುದು ಯಾವುದು ಅಂತ ಆ ಮೇಡಂ ಮತ್ತೆ ಬಂದಾಗ ಹೇಳಿ.

ಶೈಲಾ, ಕಾಮಾಕ್ಷಿಪಾಳ್ಯ

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಸೋಮವಾರ ಸರ್ಕಾರಿ ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತೇನೆ. ಮೂರು ವಿಷಯ ಕೇಳಬೇಕು. ಏನೇನು ತೆಗೆದುಕೊಂಡು ಹೋಗಬೇಕು? ಅವಳ ತಾಯಿ ಕಾರ್ಡಿನಲ್ಲಿ ಬಿ ನೆಗೆಟಿವ್ ಅಂತ ಇದೆ, ತೊಂದರೆಯಾ? ಇನ್ನೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೆಯುತ್ತಾರೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ.

ಸರೋಜ ಸಿಸ್ಟರ್, ಶ್ರೀನಗರ

ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ, ಅವಳದ್ದೇ ಒಂದು ಗುರುತಿನ ಚೀಟಿ ಇರಲಿ. ಗಂಡನದ್ದು ಬೇಡ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಅಂತ ಲೆಕ್ಕ ಹಾಕಿ ಬರೆದುಕೊಂಡಿರಲಿ, ಅಲ್ಲಿ ಕೇಳಿದಾಗ ಗಾಬರಿಯಲ್ಲಿ ಮರೆಯುತ್ತಾರೆ. ಓಪಿಡಿ ಚೀಟಿಗೆ ಬೆಳಿಗ್ಗೆ ಬೇಗ ಹೋಗಿ ನಿಲ್ಲಿ. ಸರ್ಕಾರಿ ಆಸ್ಪತ್ರೆಗಳಿಗೆ ಇದಕ್ಕೆ ಬೇರೆ ಅನುಮತಿ ಬೇಕಿಲ್ಲ. ಇಲ್ಲಿ ಮಾಡುವುದಿಲ್ಲ ಅಂದರೆ ಎಲ್ಲಿ ಮಾಡುತ್ತಾರೆ ಅಂತ ಚೀಟಿಯ ಮೇಲೆ ಬರೆಸಿಕೊಳ್ಳಿ.

ನೆಗೆಟಿವ್ ಗ್ರೂಪ್ ಅಂದರೆ ಹೆದರಬೇಡಿ, ಆದರೆ ಡಾಕ್ಟರ್ ಮುಂದೆ ಮೊದಲೇ ಹೇಳಿಬಿಡಿ. ಮುಂದಿನ ಬಸಿರಿಗೆ ತೊಂದರೆಯಾಗದಂತೆ ನೆಗೆಟಿವ್ ಗ್ರೂಪಿನವರಿಗೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕೋ ಬೇಡವೋ ಅಂತ ವಾರ ನೋಡಿ ಅವರು ಹೇಳುತ್ತಾರೆ. ಇದು ಮೆಡಿಕಲ್ ಶಾಪಿನವನು ಕೇಳುವ ಪ್ರಶ್ನೆ ಅಲ್ಲ ನೋಡಿ.

ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಆ ಎರಡು ದಿನ ಅವಳೊಬ್ಬಳೇ ಇರಬಾರದು. ಎರಡು ಗಂಟೆಯ ಕಾಲ ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದರೆ, ಮಾರನೇ ದಿನವೂ ಜ್ವರ ಇದ್ದರೆ, ವಾಸನೆ ಬಂದರೆ, ತಲೆ ಸುತ್ತಿ ಬಿದ್ದರೆ, ಆಟೋ ಹತ್ತಿಸಿ. ರಾತ್ರಿ ಎರಡು ಗಂಟೆಯಾದರೂ ಸರಿ. ರಕ್ತ ಸ್ವಲ್ಪವೂ ಬರಲೇ ಇಲ್ಲ ಅಂದರೂ ಹೋಗಬೇಕು.

ಆಪರೇಷನ್ ಷರತ್ತು ಕಾನೂನಿನಲ್ಲಿ ಎಲ್ಲೂ ಇಲ್ಲ. ಕಾಪರ್-ಟಿ ಹಾಕಿಸಿಕೊಳ್ಳುವುದು ಒಳ್ಳೆಯದು ಅಂತ ನಾನೂ ಹೇಳುತ್ತೇನೆ, ಸಕ್ಷನ್ ಆದರೆ ಅದೇ ಹೊತ್ತಿಗೆ ಹಾಕಿಬಿಡಬಹುದು. ಆದರೆ ಹೂಂ ಅನ್ನಬೇಕಾದವಳು ಅವಳು. ಯಾರಾದರೂ "ಅದಿಲ್ಲದೆ ಇದಿಲ್ಲ" ಎಂದರೆ, ಹಾಗಂತ ಬರೆದು ಸಹಿ ಮಾಡಿ ಕೊಡಿ ಸಿಸ್ಟರ್ ಅಂತ ಮೆತ್ತಗೆ ಕೇಳಿ. ಬರೆದು ಕೊಡುವುದಿಲ್ಲ, ಒಳಗೆ ಕರೆಯುತ್ತಾರೆ.